ಕೈ ಮೇಲೆ ಹಾದುಹೋದ ಜೇಡ

ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದೆ. ಬೆಳಗಿನ ಕೆಲಸ ಮುಗಿದ ಹೊತ್ತು. ಪಕ್ಕದ ಮನೆಯ ಜೈನಾಬಿಯೂ ತನ್ನ ಮೊರ ತಂದು ನಮ್ಮ ಹಿತ್ತಲ ಜಗುಲಿಯಲ್ಲಿ ಕೂತಿದ್ದಳು. ಅವಳ ಗಂಡ ಮಳವಳ್ಳಿ ಪೇಟೆಯಲ್ಲಿ ಸೈಕಲ್ಲು, ಸ್ಟೌ, ಗ್ಯಾಸ್‌ಲೈಟು ರಿಪೇರಿ ಮಾಡುವವನು. ಯುದ್ಧಕಾಲದ ರೇಷನ್ ಅಕ್ಕಿ ಅದು. ಇದರಲ್ಲಿ ಕಲ್ಲು ಆರಿಸುವುದಕ್ಕಿಂತ ಅಕ್ಕಿ ಆರಿಸಿಕೊಳ್ಳುವುದೇ ಸುಲಭ ಎಂದೆ. ಜೈನಾಬಿ ನಗಲಿಲ್ಲ. ನನ್ನ ಎಡಗೈಯನ್ನೇ ನೋಡುತ್ತಿದ್ದಳು.

"ಕೈ ಮ್ಯಾಲೆ ಜೇಡ ಕಣಮ್ಮ," ಅಂದಳು.

ಉದ್ದಕಾಲಿನ ಜೇಡ. ಮೂಲೆಯಲ್ಲಿ ತಲೆಕೆಳಗಾಗಿ ನೇತಾಡಿಕೊಂಡು, ಮುಟ್ಟಿದರೆ ಗಡಗಡ ನಡುಗುವ ಜಾತಿ. ಬೆರಳಿನ ಬುಡದಿಂದ ಮಣಿಕಟ್ಟಿನ ಕಡೆಗೆ ಹೊರಟಿತ್ತು. ಹೊಡೆಯಲು ಬಲಗೈ ಎತ್ತಿದೆ.

"ಹೊಡೀಬ್ಯಾಡಿ ಮೇಷ್ಟ್ರಮ್ಮ. ನಮ್ಮಲ್ಲಿ ಜೇಡನ್ನ ಸಾಯ್ಸಲ್ಲ. ನಮ್ ಪೈಗಂಬರರು ಗವಿಯೊಳ್ಗೆ ಅವಿತ್ಕೊಂಡಿದ್ದಾಗ ಬಾಗ್ಲಿಗೆ ಬಲೆ ಕಟ್ಟಿ ಕಾಪಾಡಿದ್ದು ಅದೇಯ. ಅದ್ರ ಪಾಡಿಗೆ ಅದು ಓಯ್ತದೆ, ಬುಡಿ."

ಬಿಟ್ಟೆ. ಇಬ್ಬರೂ ನೋಡುತ್ತಾ ಕೂತೆವು. ನನ್ನ ಆ ಕೈಯ ಮೇಲೆ ಒಂದು ಮಚ್ಚೆ ಇತ್ತು. ಎರಡು ವರ್ಷದ್ದು. ಸುತ್ತಲಿನ ಚರ್ಮಕ್ಕಿಂತ ಬಿಳಿಚಿಕೊಂಡಿತ್ತು. ಜೇಡ ಅದರ ಅಂಚಿಗೆ ಬಂತು, ಮೇಲೆ ಹತ್ತಿತು, ನಡುವೆ ನಿಂತು ಮುಂಗಾಲು ಆಡಿಸಿತು, ಮತ್ತೆ ನಡೆಯಿತು. ನಾನು ಅದನ್ನು ಕಣ್ಣಿನಲ್ಲಿ ನೋಡುತ್ತಿದ್ದೆ, ಅಷ್ಟೆ. ಮಚ್ಚೆ ದಾಟಿ ಮೇಲಕ್ಕೆ ಬಂದ ಮೇಲೆ ಕಚಗುಳಿಯಾಯಿತು.

ಅಲ್ಲಿಯವರೆಗೆ ಆಗಿರಲಿಲ್ಲ.

ಪೊರಕೆಯ ಒಂದು ಕಡ್ಡಿ ಮುರಿದು, ಜೇಡದ ಎಳೆಯನ್ನು ಅದಕ್ಕೆ ಹತ್ತಿಸಿ, ಎತ್ತಿ ಮತ್ತೆ ಬೆರಳಿನ ಬುಡಕ್ಕೆ ಬಿಟ್ಟೆ. ಕಣ್ಣು ಮುಚ್ಚಿಕೊಂಡೆ. ಎಲ್ಲಿದೆ ಎಂದು ಹೇಳಬೇಡ ಎಂದು ಜೈನಾಬಿಗೆ ಅಂದೆ. ಕಚಗುಳಿಯಾದಾಗ ಕಣ್ಣು ಬಿಟ್ಟು ನೋಡಿದರೆ ಅದು ಮಚ್ಚೆಯನ್ನು ಆಗಲೇ ದಾಟಿತ್ತು. ಮೂರು ಸಲ ಹಾಗೆ ಮಾಡಿದೆ. ಮೂರು ಸಲವೂ ಅಷ್ಟೇ.

ಜೈನಾಬಿ ಮೊರ ಪಕ್ಕಕ್ಕಿಟ್ಟಳು. "ದೊಡ್ಡ ಡಾಕ್ಟರಿಗೆ ತೋರ್ಸಿ ಕಣಮ್ಮ. ತಡ ಮಾಡ್ಬ್ಯಾಡಿ," ಅಂದಳು. ಅವಳಿಗೆ ಏನೋ ಹೊಳೆದಿತ್ತು. ನನಗೂ ಹೊಳೆದಿತ್ತು.

ಈ ಮಚ್ಚೆಯ ಕಥೆ ಹೇಳಬೇಕಾದರೆ ನನ್ನ ದಡ್ಡತನವನ್ನೂ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಬ್ಲಫ್ ಎಂಬ ಊರಿನಲ್ಲಿ. ನಮ್ಮಪ್ಪನಿಗೆ ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸ. ಸುತ್ತಲಿನ ಹಳ್ಳಿಗಳಲ್ಲಿ ಹರಳೆಣ್ಣೆ ದೀಪ ಹಚ್ಚುತ್ತಿದ್ದ ಕಾಲಕ್ಕೆ ನಮ್ಮ ಕ್ವಾರ್ಟರ್ಸಿನ ಬಾಗಿಲಲ್ಲಿ ಕರೆಂಟು ದೀಪ. ದೀಪಕ್ಕೆ ಹುಳ, ಹುಳಕ್ಕೆ ಜೇಡ. ಸಂಜೆ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅವುಗಳನ್ನು ತೋರಿಸುತ್ತಿದ್ದರು. ಕಡ್ಡಿಗೆ ಎಳೆ ಹತ್ತಿಸಿ ಜೇಡವನ್ನು ನೇತಾಡಿಸುವುದನ್ನು ಕಲಿಸಿದವರು ಅವರೇ. "ಕರೆಂಟು ಮುಟ್ಬ್ಯಾಡ, ಜೇಡ ಬೇಕಾದ್ರೆ ಮುಟ್ಟು. ಅದು ಯಾರ್ಗೂ ಏನೂ ಮಾಡಕಿಲ್ಲ ಮಗ," ಅನ್ನುತ್ತಿದ್ದರು.

ಮದುವೆಯಾಗಿ ಮಳವಳ್ಳಿಗೆ ಬಂದೆ. ಗಂಡ ಸ್ಕೂಲ್ ಮೇಷ್ಟ್ರು. ಊರೆಲ್ಲ ಮೇಷ್ಟ್ರು ಅನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ. ಅತ್ತೆ ಕಿರುಗಾವಲು ಕಡೆಯವರು. ಮಾತು ಒರಟು, ಕೈ ಧಾರಾಳ. ಅವರಿಗೆ ನನ್ನಲ್ಲಿ ಒಂದೇ ಕೊರತೆ ಕಂಡದ್ದು: ನನಗೆ ಮುದ್ದೆ ಕಟ್ಟಲು ಬರುತ್ತಿರಲಿಲ್ಲ. ಹಿಟ್ಟು ತೊಳಸುವುದೇನೋ ಬರುತ್ತಿತ್ತು. ಕೈಗೆ ನೀರು ಹಚ್ಚಿಕೊಂಡು ಆ ಸುಡುಹಿಟ್ಟನ್ನು ಉಂಡೆ ಮಾಡುವಾಗ ಕೈ ಕೊಡವಿಕೊಂಡು ಕುಣಿಯುತ್ತಿದ್ದೆ. "ಕರೆಂಟ್ ಮನೆ ಮಗ್ಳು, ಕೈಯೆಲ್ಲ ಬೆಣ್ಣೆ," ಎಂದು ಅತ್ತೆ ಬೀದಿಗೆಲ್ಲ ಸಾರಿದ್ದರು.

ಮಗಳು ಶಾಂತಾ ಹುಟ್ಟಿ ಮೂರು ವರ್ಷವಾಗಿರಬೇಕು. ನನ್ನ ಎಡಗೈ ಇದ್ದಕ್ಕಿದ್ದಂತೆ ಗಟ್ಟಿಯಾಯಿತು. ಮುದ್ದೆ ಎಷ್ಟೇ ಸುಡಲಿ, ಆ ಕೈ ಅಂಜುತ್ತಿರಲಿಲ್ಲ. ಬಲಗೈ ಸೋತಾಗ ಎಡಗೈಯಲ್ಲಿ ತಿರುಗಿಸಿ ಉಂಡೆ ಮಾಡಿ ಎಲೆಗೆ ಹಾಕುತ್ತಿದ್ದೆ. ಅತ್ತೆಗೆ ಹಿಗ್ಗೋ ಹಿಗ್ಗು. "ನಮ್ ಸೊಸೆ ಈಗ ನಮ್ ಪೈಕಿ ಆದ್ಲು ಕಣ್ರವ್ವ. ಕೆಂಡದಂತ ಮುದ್ದೇನ ಒಂದೇ ಕೈಲಿ ಕಟ್ತಾಳೆ." ನಾನೂ ಬೀಗಿದೆ. ನೆಂಟರು ಬಂದರೆ ಅವರ ಕಣ್ಣೆದುರಿಗೇ ಕಟ್ಟುತ್ತಿದ್ದೆ. ರೋಗ ಹಿಡಿದ ಕೈಯನ್ನು ಹೀಗೆ ಹೊಗಳಿಸಿಕೊಂಡವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಸ್ವಲ್ಪ ದಿನಕ್ಕೆ ಮಚ್ಚೆ ಕಾಣಿಸಿತು. ಅತ್ತೆಯೇ ಮೊದಲು ನೋಡಿದ್ದು.

"ಜೇಡ ಉಚ್ಚೆ ಉಯ್ದದೆ ಕಣವ್ವ," ಅಂದರು.

ನಮ್ಮ ಕಡೆ ಮೈಮೇಲೆ ಗುಳ್ಳೆ ಎದ್ದರೂ ಅದೇ ಮಾತು, ಕಲೆ ಬಿದ್ದರೂ ಅದೇ ಮಾತು. ಅರಿಶಿನದ ಜೊತೆ ತುಂಬೆಸೊಪ್ಪು ಅರೆದು ಹಚ್ಚಬೇಕು, ಮಂತ್ರಿಸಿದ ಬೂದಿ ಹಾಕಬೇಕು, ಮನೆಯ ಬಲೆಯನ್ನೆಲ್ಲ ತೆಗೆಯಬೇಕು. ಜೇಡ ಇರುವ ತನಕ ವಾಸಿಯಾಗುವುದಿಲ್ಲ ಎಂಬ ನಂಬಿಕೆ. ಅಪ್ಪನ ಮಾತು ನನಗೆ ನೆನಪಿತ್ತು. ಆದರೂ ನಂಬಿದೆ. ತೊನ್ನು ಎನ್ನುವುದಕ್ಕಿಂತ, ಅದಕ್ಕಿಂತ ಕೆಟ್ಟ ಇನ್ನೊಂದು ಹೆಸರಿಗಿಂತ, ಜೇಡ ಅನ್ನುವುದು ಎಷ್ಟೋ ಹಗುರವಾಗಿತ್ತು.

ಮಂಗಳವಾರ ಮಂಗಳವಾರ ಉದ್ದನೆಯ ಬಿದಿರಿನ ಗಳಕ್ಕೆ ಪೊರಕೆ ಕಟ್ಟಿ ತೊಲೆ, ಜಂತೆ, ಮೂಲೆ ಎಲ್ಲ ಗುಡಿಸಿದೆ. ಕೆಳಗೆ ಬಿದ್ದದ್ದನ್ನು ಹೊಡೆದು ಸಾಯಿಸಿದೆ. ಸಿಟ್ಟು ನನ್ನ ಹುಟ್ಟುಗುಣ, ಅದಕ್ಕೊಂದು ಕೆಲಸ ಸಿಕ್ಕಿದಂತಾಗಿತ್ತು. ಎರಡು ವರ್ಷ ಹೀಗೆ ಹೋಯಿತು. ಮನೆಯಲ್ಲಿ ಜೇಡ ಕಡಿಮೆಯಾದವು, ನೊಣ ಜಾಸ್ತಿಯಾದವು. ಮಚ್ಚೆ ಅಂಗೈಯ ಅಂಚಿಗೂ ಹಬ್ಬಿತು. ಕಿರುಬೆರಳು ಬಾಗಿತು. ಆಮೇಲೆ ಆ ದಿನ, ಅಕ್ಕಿ ಆರಿಸುವಾಗ, ಜೈನಾಬಿ ನನ್ನ ಕೈ ತಡೆದಳು.

ಮೇಷ್ಟ್ರು ನನ್ನನ್ನು ಮಂಡ್ಯಕ್ಕೆ ಕರೆದುಕೊಂಡು ಹೋದರು. ಪೆಟ್ರೋಲ್ ಸಿಗದ ಕಾಲ, ಇದ್ದಿಲ ಗ್ಯಾಸಿನ ಬಸ್ಸು. ಏರು ಬಂದರೆ ಎಲ್ಲರೂ ಇಳಿಯಬೇಕು.

ಡಾಕ್ಟರು ಕಣ್ಣು ಮುಚ್ಚಿಕೊಳ್ಳಿ ಅಂದರು. ಹತ್ತಿಯ ಎಳೆಯಿಂದ ಮುಟ್ಟುತ್ತೇನೆ, ಎಲ್ಲಿ ಎಂದು ಬೆರಳಿಟ್ಟು ತೋರಿಸಿ ಅಂದರು. ಕಾದೆ. ಇನ್ನೂ ಮುಟ್ಟಿಲ್ಲವೆ ಎಂದು ಕೇಳಿದೆ. ಆಗಲೇ ಆರು ಸಲ ಮುಟ್ಟಿದ್ದರಂತೆ. ಮೊಣಕೈಯ ಹಿಂದೆ ಒತ್ತಿ ನರ್ವ್ ದಪ್ಪವಾಗಿದೆ ಎಂದು ಕಾಂಪೌಂಡರಿಗೆ ಹೇಳಿದರು. ಚರ್ಮ ಕೆರೆದು ಪರೀಕ್ಷೆಗೆ ಸ್ಮಿಯರ್ ತೆಗೆದರು.

"ಎಷ್ಟು ದಿನದಿಂದ ಇದೆ?"

"ಎರಡು ವರ್ಷ."

"ಇಷ್ಟು ದಿನ ಏನು ಮಾಡಿದಿರಿ?"

"ಜೇಡ ಹೊಡೆದೆ," ಅಂದೆ.

ಅವರು ನಗಲಿಲ್ಲ, ಬೈಯಲೂ ಇಲ್ಲ. ಕೈ ತೊಳೆದುಕೊಂಡು ಬಂದು ಮೇಷ್ಟ್ರ ಕಡೆ ತಿರುಗಿದರು.

"ಲೆಪ್ರಸಿ."

ಮೇಷ್ಟ್ರು ಕುರ್ಚಿಯ ಹಿಡಿ ಹಿಡಿದುಕೊಂಡರು. ಅದರ ಕನ್ನಡ ನನಗೆ ಯಾರೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

"ನಿಮ್ಮದು ನ್ಯೂರಲ್ ಟೈಪ್, ನರಕ್ಕೆ ಹಿಡಿದದ್ದು. ಬೇರೆಯವರಿಗೆ ಅಷ್ಟಾಗಿ ಅಂಟುವುದಲ್ಲ. ಆದರೆ ಎಳೆ ಮಕ್ಕಳ ವಿಷಯದಲ್ಲಿ ಹುಷಾರಾಗಿರಬೇಕು. ಮನೆಯಲ್ಲಿ ಮಗು ಇದೆಯೆ?"

"ಐದು ವರ್ಷದ ಹೆಣ್ಣು ಮಗು."

"ಬೇರೆ ಇಡಿ. ನಾನು ಹೇಳುವವರೆಗೆ ಮುಟ್ಟಬೇಡಿ."

ಬೆಳಿಗ್ಗೆ ತಾನೆ ಅವಳಿಗೆ ಜಡೆ ಹಾಕಿ ಬಂದಿದ್ದೆ.

ನಮ್ಮ ಮನೆಯ ಹಿಂದೆ ಸೌದೆ ತುಂಬುವ ಕೋಣೆ ಇತ್ತು. ಸೌದೆ ಹೊರಗೆ ಹಾಕಿ, ಸಗಣಿ ಸಾರಿಸಿ, ಅಲ್ಲಿ ನನಗೊಂದು ಚಾಪೆ, ತಟ್ಟೆ, ಚೊಂಬು ಇಟ್ಟರು. ನಾನು ಎಂದೂ ಗುಡಿಸದ ಜಾಗ ಅದೊಂದೇ. ಮನೆಯಿಂದ ನಾನು ಓಡಿಸಿದ ಜೇಡಗಳೆಲ್ಲ ಅಲ್ಲಿ ಸೇರಿಕೊಂಡಿದ್ದವು. ಈಗ ನಾನೂ ಸೇರಿಕೊಂಡೆ.

ಶಾಂತಾ ಮೊದಲ ವಾರ ಬಾಗಿಲು ಬಡಿದು ಅತ್ತಳು. ನಾನು ಒಳಗಿನಿಂದ ಅಗುಳಿ ಹಾಕಿಕೊಂಡು ಕೂತೆ. ಆ ವಾರ ಹೇಗೆ ಕಳೆಯಿತು ಎಂದು ಈಗಲೂ ಬರೆಯಲಾರೆ. ಆಮೇಲೆ ಅತ್ತೆ ಕಿಟಕಿಯ ಆಚೆ ಒಂದು ಮಾರು ದೂರದಲ್ಲಿ ಒಂದು ಕಲ್ಲು ಹಾಕಿದರು. "ಇದ್ರ ಮ್ಯಾಲೆ ಕೂತ್ಕೊಂಡು ಅವ್ವನ್ ಕುಟ್ಟೆ ಮಾತಾಡು. ಎದ್ದು ಮುಂದಕ್ಕೋದ್ರೆ ಕಾಲ್ ಮುರೀತೀನಿ," ಎಂದು ಮೊಮ್ಮಗಳಿಗೆ ಹೇಳಿದರು. ಸರಳಿನ ಕಿಟಕಿ ಅದು. ಒಳಗೆ ನಾನು, ಹೊರಗೆ ಅವಳು.

ಅತ್ತೆಯ ಮೇಲೆ ನನಗೆ ಕೆಂಡದಂಥ ಸಿಟ್ಟಿತ್ತು. ಒಂದು ದಿನ ತಟ್ಟೆ ತಂದಾಗ ಬಾಯಿಬಿಟ್ಟು ಅಂದೇಬಿಟ್ಟೆ: "ನಿಮ್ಮ ಜೇಡದ ಮಾತು ಕಟ್ಟಿಕೊಂಡು ನನ್ನ ಕೈ ಹೋಯಿತು."

ಅವರು ತಟ್ಟೆ ಕೈಯಲ್ಲಿ ಹಿಡಿದೇ ನಿಂತರು. "ಊಂ ಕಣವ್ವ. ನಂದೇ ತೆಪ್ಪು. ಈಗೇನ್ ಮಾಡ್ಲಿ ಏಳು?" ಅಂದರು. ತಟ್ಟೆ ಇಟ್ಟು, "ಮುದ್ದೆ ಆರ್ಸಿ ತಂದಿವ್ನಿ. ಸುಡಾಕಿಲ್ಲ, ಉಣ್ಣು," ಅಂದರು. ನೋಡಿದರೆ ಮುದ್ದೆಯನ್ನು ಸಣ್ಣ ಸಣ್ಣ ಉಂಡೆ ಮಾಡಿ ಆರಿಸಿದ್ದರು. ಬಿಸಿಯನ್ನು ಅರಿಯದ ಕೈ ಸುಟ್ಟುಕೊಂಡೀತು ಎಂಬ ಭಯ ಅವರಿಗೆ. ಅವತ್ತಿನಿಂದ ಇವತ್ತಿನವರೆಗೆ ಒಂದು ದಿನವೂ ಬಿಸಿ ಮುದ್ದೆ ನನ್ನ ತಟ್ಟೆಗೆ ಬಿದ್ದಿಲ್ಲ. ಅವರ ಮೇಲಿನ ಸಿಟ್ಟು ಅಲ್ಲಿಗೆ ಸತ್ತಿತು ಎಂದರೆ ಸುಳ್ಳು, ಆದರೆ ಅದರ ಹಲ್ಲು ಬಿದ್ದುಹೋಯಿತು.

ಬೀದಿಗೆ ಉತ್ತರ ಹೇಳಬೇಕಿತ್ತು. ಮೇಷ್ಟ್ರ ಹೆಂಡತಿ ಯಾಕೆ ಹೊರಗೆ ಬರುವುದಿಲ್ಲ, ವಾರ ವಾರ ಮಂಡ್ಯಕ್ಕೆ ಯಾಕೆ ಹೋಗುತ್ತಾಳೆ ಎಂದು ಜನ ಕೇಳುತ್ತಿದ್ದರು. ನಿಜ ಹೊರಬಿದ್ದರೆ ಬಾವಿಯ ನೀರು ನಿಲ್ಲುತ್ತಿತ್ತು, ಮೇಷ್ಟ್ರ ಮುಂದೆ ಯಾರೂ ತಮ್ಮ ಮಕ್ಕಳನ್ನು ಕೂರಿಸುತ್ತಿರಲಿಲ್ಲ, ಶಾಂತಾಳನ್ನು ನಾಳೆ ಯಾರೂ ತಂದುಕೊಳ್ಳುತ್ತಿರಲಿಲ್ಲ. ಅತ್ತೆ ಮುಂದಿನ ಜಗುಲಿಯಲ್ಲಿ ಕೂತು ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದರು.

"ಜೇಡದ್ ವಿಸ ಕಣ್ರವ್ವ. ಮೈಗೆಲ್ಲ ಏರ್ಬುಟ್ಟದೆ. ಪತ್ಯದಾಗವ್ಳೆ."

ಹಿಂದಿನ ಕೋಣೆಯಲ್ಲಿ ನನಗೆ ಕೇಳಿಸುತ್ತಿತ್ತು. ನನ್ನ ಎರಡು ವರ್ಷ ತಿಂದ ಸುಳ್ಳೇ ಈಗ ನಮ್ಮ ಮನೆಯ ಬಾಗಿಲು ಕಾಯುತ್ತಿತ್ತು. ಅದಕ್ಕೆ ಅಳಬೇಕೋ ಕೈಮುಗಿಯಬೇಕೋ ತಿಳಿಯುತ್ತಿರಲಿಲ್ಲ. ಜೈನಾಬಿಗೆ ನಿಜ ಗೊತ್ತಿತ್ತು. ಅವಳೂ ಕೇಳಿದವರಿಗೆ ಜೇಡ ಅಂತಲೇ ಹೇಳಿದಳು. ಸಾಯಿಸಬಾರದ ಪ್ರಾಣಿಯ ಮೇಲೆ ನನಗಾಗಿ ಅಪವಾದ ಹೊರಿಸಿದಳು. ಕಿಟಕಿಯ ಹತ್ತಿರ ಮೊರ ತಂದುಕೊಂಡು ಕೂತು ಕಲ್ಲು ಆರಿಸುವುದನ್ನು ಮಾತ್ರ ಬಿಡಲಿಲ್ಲ.

ಇಂಜೆಕ್ಷನ್ ವಾರಕ್ಕೊಂದು, ಸೋಮವಾರ. ಚಾಲ್‌ಮೊಗ್ರ ಎಂಬ ಎಣ್ಣೆ. ಮಚ್ಚೆಯ ಒಳಗೂ ಸುತ್ತಲೂ ಚುಚ್ಚಿ ಚುಚ್ಚಿ ಹಾಕುತ್ತಾರೆ. ಒಳಗೆ ಚುಚ್ಚಿದ್ದು ಗೊತ್ತಾಗುತ್ತಿರಲಿಲ್ಲ. ಅಂಚಿನಲ್ಲಿ ಪ್ರಾಣ ಹೋಗುತ್ತಿತ್ತು. ನೋವಾಯಿತೆ ಎಂದು ಡಾಕ್ಟರು ಕೇಳಿದಾಗ ಆಯಿತು ಎಂದು ಸಂತೋಷದಿಂದ ಹೇಳುವುದನ್ನು ಕಲಿತೆ. ವಾಪಸು ಬರುವಾಗ ಬಸ್ಸಿನ ಕುಲುಕಾಟಕ್ಕೆ ತೋಳು ಊದಿಕೊಳ್ಳುತ್ತಿತ್ತು, ಜ್ವರ ಬರುತ್ತಿತ್ತು. ಎರಡು ದಿನ ಮಲಗಿ ಮೂರನೆಯ ದಿನ ಏಳುತ್ತಿದ್ದೆ. ಎದ್ದು ಮಾಡುವುದೇನು? ಜೇಡ ನೋಡುವುದು.

ಹಿಂದೆ ಅಪ್ಪನ ಹೆಗಲ ಮೇಲೆ ಕೂತು ನೋಡುತ್ತಿದ್ದದ್ದು ಆಟ. ಈಗಿನದು ಬೇರೆ. ಗೋಡೆಯ ಮೇಲೆ ಒಂದು ದೊಡ್ಡ ಕಂದುಬಣ್ಣದ ಜೇಡ ಇತ್ತು, ಬಲೆ ನೇಯುವ ಜಾತಿಯಲ್ಲ. ಶಾಂತಾ ಅದಕ್ಕೆ ದೊಡ್ಡವ್ವ ಎಂದು ಹೆಸರಿಟ್ಟಳು. ಒಂದು ದಿನ ಅದು ಹೊಟ್ಟೆಯ ಕೆಳಗೆ ಬಿಳಿಯ ಚಪ್ಪಟೆ ಬಿಲ್ಲೆಯೊಂದನ್ನು ಅಪ್ಪಿಕೊಂಡು ಕಾಣಿಸಿತು. ಅದರ ಮೊಟ್ಟೆಯ ಗಂಟು. ಎಲ್ಲಿ ಹೋದರೂ ಹೊತ್ತುಕೊಂಡೇ ಹೋಗುವುದು. ಪಕ್ಕದಲ್ಲಿ ನೊಣ ಕೂತರೂ ಹಿಡಿಯಲಿಲ್ಲ. ನಾನು ದಿನಾ ಕಿಟಕಿಯಿಂದ ಈ ಸಮಾಚಾರ ಹೇಳುತ್ತಿದ್ದೆ, ಮಗಳು ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೇಳುತ್ತಿದ್ದಳು.

"ಅದ್ಕೆ ಅಸಿವಾಗಲ್ವ ಅವ್ವ?"

"ಆಗುತ್ತೆ. ತಿನ್ನೋಕೆ ಹೋದರೆ ಗಂಟು ಕೆಳಗೆ ಬೀಳುತ್ತಲ್ಲ ಮಗ."

ಎಷ್ಟೋ ದಿನದ ಮೇಲೆ ಒಂದು ಬೆಳಿಗ್ಗೆ ಗೋಡೆಯ ತುಂಬ ಎಳ್ಳು ಚೆಲ್ಲಿದಂತೆ ಮರಿಗಳು. ನಾಲ್ಕಾರು ದಿನ ಇದ್ದು ಒಂದೊಂದಾಗಿ ಹೋದವು. ದೊಡ್ಡವ್ವ ಬಡವಾಗಿ ಮೂಲೆ ಹಿಡಿಯಿತು. ಅದನ್ನು ನೋಡಿಕೊಂಡು ಇಡೀ ಒಂದು ಹಗಲು ಅಳುತ್ತಾ ಕೂತೆ. ಜೇಡಕ್ಕಾದರೂ ಅಪ್ಪಿಕೊಳ್ಳುವ ಭಾಗ್ಯವಿತ್ತು ಎಂದು ಹೊಟ್ಟೆಕಿಚ್ಚಾಯಿತು. ಅದಕ್ಕೆ ನಾಚಿಕೆ ಪಡುವುದಿಲ್ಲ.

ಹೀಗೆ ಹತ್ತಿರ ಹತ್ತಿರ ಒಂದು ವರ್ಷ. ಯುದ್ಧ ಮುಗಿಯಿತು ಎಂದು ಮೇಷ್ಟ್ರು ಕಿಟಕಿಯಲ್ಲಿ ನಿಂತು ಹೇಳಿ ಹೋದರು. ನನ್ನ ಕೈ ಮಾತ್ರ ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ.

ಆಮೇಲೆ ಒಂದು ಗುರುವಾರ ಬೆಳಿಗ್ಗೆ ಅತ್ತೆ ಶಾಂತಾಳನ್ನು ಕೈ ಹಿಡಿದು ತಂದು ಕಲ್ಲಿನ ಮೇಲೆ ಕೂರಿಸಿದರು. ಅವಳ ರವಿಕೆಯ ತೋಳನ್ನು ಮೇಲೆತ್ತಿ ನನ್ನ ಕಡೆಗೆ ತಿರುಗಿಸಿದರು.

ಕಾಸಿನಗಲ ಬಿಳಿ ಮಚ್ಚೆ.

ಎಲ್ಲದಕ್ಕೂ ಜೇಡ ಎನ್ನುತ್ತಿದ್ದ ಅತ್ತೆ ಅವತ್ತು ಜೇಡ ಅನ್ನಲಿಲ್ಲ. ನಾನು ಸರಳು ಹಿಡಿದು ನಿಂತೆ. ಕೊಟ್ಟೆನೆ, ನಾನು ಕೊಟ್ಟೆನೆ ಎನ್ನುವುದೊಂದೇ ತಲೆಯಲ್ಲಿ. ಸೋಮವಾರದ ಬಸ್ಸಿಗೆ ಇನ್ನೂ ನಾಲ್ಕು ದಿನ ಇತ್ತು. ಆ ನಾಲ್ಕು ದಿನ ದಾಟುವ ಶಕ್ತಿ ನನ್ನಲ್ಲಿರಲಿಲ್ಲ. ಹತ್ತಿ ತಂದು ಮುಟ್ಟಿ ನೋಡಿ ಎಂದು ಅತ್ತೆಗೆ ಹೇಳೋಣವೆಂದರೆ ಅವರ ಕೈ ಗಡಗಡ ನಡುಗುತ್ತಿತ್ತು. ನಾನು ಮುಟ್ಟುವ ಹಾಗಿರಲಿಲ್ಲ.

ಬಲೆ ತೆಗೆಯುತ್ತಿದ್ದ ಬಿದಿರಿನ ಗಳ ಅದೇ ಕೋಣೆಯ ಮೂಲೆಯಲ್ಲಿತ್ತು. ಅದರ ತುದಿಗೆ ಒಂದು ಪೊರಕೆಕಡ್ಡಿ ಕಟ್ಟಿದೆ. ಉದ್ದಕಾಲಿನ ಜೇಡವೊಂದರ ಎಳೆಯನ್ನು ಕಡ್ಡಿಗೆ ಹತ್ತಿಸಿದೆ. ಸರಳುಗಳ ನಡುವೆ ಗಳವನ್ನು ಬಲಗೈಯಿಂದ ಮೆಲ್ಲಗೆ ಹೊರಕ್ಕೆ ಚಾಚಿದೆ. ಜೇಡ ಎಳೆ ಹಿಡಿದು ನೇತಾಡುತ್ತಾ ಮಗಳ ಕಡೆಗೆ ಹೋಯಿತು.

"ಶಾಂತಾ, ಕಣ್ಣು ಮುಚ್ಚಿಕೋ ಮಗ. ತೋಳು ಅಲ್ಲಾಡಿಸಬೇಡ. ಗೊತ್ತಾದ ಕೂಡಲೆ ಹೇಳು."

ಅವಳು ಕಣ್ಣು ಮುಚ್ಚಿದಳು. ಗಳ ಇಳಿಸಿದೆ. ಜೇಡ ತೋಳಿನ ಮೇಲೆ ಕಾಲಿಟ್ಟಿತು. ನಿಂತಿತು. ನಡೆಯಿತು. ಮಚ್ಚೆಯ ಅಂಚಿಗೆ ಬಂತು, ಹತ್ತಿತು, ನಡುವಿಗೆ ಹೋಯಿತು. ಮಗಳು ಮಾತಾಡಲಿಲ್ಲ. ತುಟಿ ಬಿಗಿದುಕೊಂಡು ಕೂತಿದ್ದಳು. ಜೇಡ ಮಚ್ಚೆಯ ಮೇಲೇ ತಿರುಗಿತು. ಇನ್ನೂ ಮಾತಿಲ್ಲ. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡರು.

"ಶಾಂತಾ, ಏನೂ ಗೊತ್ತಾಗಲಿಲ್ವ?"

"ಗೊತ್ತಾಯ್ತು. ಆಗ್ಲಿಂದ ಅದೇ ಜಾಗ್ದಾಗೆ ಸುತ್ತಾ ಅದೆ. ನಗಾಡ್ಬುಟ್ರೆ ಬಿದ್ದೋಯ್ತದೆ ಅಂತ ತಡ್ಕೊಂಡಿವ್ನಿ," ಅಂದಳು, ಕಣ್ಣು ಮುಚ್ಚಿಕೊಂಡೇ.

ಅತ್ತೆ ನೆಲದ ಮೇಲೆ ಕುಸಿದು ಕೂತು ಬಾಯಿಬಿಟ್ಟು ಅತ್ತರು. ನಾನು ಸರಳಿಗೆ ಹಣೆ ಒತ್ತಿಕೊಂಡು ನಿಂತೆ.

ಸೋಮವಾರ ಡಾಕ್ಟರು ಹತ್ತಿಯಲ್ಲಿ ನೋಡಿ ಅದನ್ನೇ ಹೇಳಿದರು. ಬರಿ ಸಿಬ್ಬು, ಮಕ್ಕಳಿಗೆ ಆಗುವುದೇ. ಹಚ್ಚಲು ಒಂದು ಆಯಿಂಟ್‌ಮೆಂಟ್ ಕೊಟ್ಟರು, ವಾಸಿಯಾಯಿತು. ನನ್ನ ಮಚ್ಚೆ ಈಗ ಹಬ್ಬುವುದು ನಿಂತಿದೆ. ಇನ್ನು ಆರು ತಿಂಗಳು ಹೀಗೇ ಇದ್ದರೆ ಕಿಟಕಿಯಾಚೆಯ ಕಲ್ಲು ತೆಗೆಯಬಹುದು, ಮಗು ಪಕ್ಕದಲ್ಲಿ ಮಲಗಬಹುದು ಎಂದಿದ್ದಾರೆ. ಬಾಗಿದ ಬೆರಳು ನೆಟ್ಟಗಾಗುವುದಿಲ್ಲ, ಹೋದ ಸ್ಪರ್ಶ ತಿರುಗಿ ಬರುವ ಭರವಸೆ ಇಲ್ಲ ಎಂದೂ ಹೇಳಿದರು. ಆರು ತಿಂಗಳು ಅಂದದ್ದನ್ನೇ ಇಟ್ಟುಕೊಂಡಿದ್ದೇನೆ. ಜೈನಾಬಿಗೆ, ಆರಿದ ಮುದ್ದೆಗೆ, ಆ ಡಾಕ್ಟರಿಗೆ ನಾನು ಋಣಿ. ಜೇಡಗಳ ಋಣ ಯಾರಿಗೆ ತೀರಿಸಬೇಕೋ ಗೊತ್ತಿಲ್ಲ.

ಆ ಗುರುವಾರದ್ದು ಇನ್ನೊಂದು ಮಾತಿದೆ. ಅಜ್ಜಿ ಅಳುವುದು ನಿಲ್ಲಿಸಿದ ಮೇಲೆ ಶಾಂತಾ ಕಣ್ಣೊರೆಸಿಕೊಳ್ಳುತ್ತಿದ್ದ ನನ್ನನ್ನು ನೋಡಿದಳು. ಯಾಕೆ ಅಳುತ್ತಿದ್ದೇವೆ ಎಂದು ಅವಳಿಗೆ ತಿಳಿದಿರಲಿಲ್ಲ, ಆಟ ಚೆನ್ನಾಗಿತ್ತು ಎಂದಷ್ಟೇ ತಿಳಿದಿತ್ತು.

"ಈಗ ನಿನ್ ಸರ್ದಿ ಅವ್ವ. ಆ ಕೈ ಮ್ಯಾಲೆ ಬುಟ್ಕೊ. ಕಣ್ ಮುಚ್ಕೊ."

ಗಳ ಒಳಗೆಳೆದುಕೊಂಡೆ. ಎಡಗೈಯನ್ನು ಕಿಟಕಿಯ ಕಟ್ಟೆಯ ಮೇಲೆ, ಅವಳಿಗೆ ಕಾಣುವ ಹಾಗೆ ಇಟ್ಟೆ. ಜೇಡವನ್ನು ಅದರ ಮೇಲೆ ಇಳಿಸಿ ಕಣ್ಣು ಮುಚ್ಚಿಕೊಂಡೆ. ಕಾದೆ.

"ಕಚಗುಳಿ ಆಯ್ತದಾ ಅವ್ವ?"

ಇನ್ನೂ ಸ್ವಲ್ಪ ಕಾದೆ.

"ಆಗುತ್ತೆ ಮಗ," ಅಂದು ನಕ್ಕೆ.

ಅವಳೂ ಕೈತಟ್ಟಿ ನಕ್ಕಳು. ಕಣ್ಣು ಬಿಟ್ಟಾಗ ಕಟ್ಟೆಯ ಮೇಲೆ ನನ್ನ ಕೈ ಒಂದೇ ಇತ್ತು. ಜೇಡ ಆಗಲೇ ಇಳಿದು ಹೋಗಿತ್ತು.